ಕೌದಿಯೂ ಚರಿತ್ರೆಯೇ

ಹರಕು ಬಟ್ಟೆಯ ಕೌದಿಯನ್ನು ಬಡತನದ ಗುರುತೆಂದು ಅಟ್ಟಕ್ಕೇರಿಸುವ ಚಾಮರಾಜಪೇಟೆಯ ನಮ್ಮಂಥವರು ಉತ್ತರ ಕನ್ನಡದ ಸಿದ್ದಿಗಳ ಕೌದಿಯನ್ನೊಮ್ಮೆ ನೋಡಬೇಕು. ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ಗುಲಾಮರಾಗಿ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಯಲ್ಲಾಪುರ, ಹಳಿಯಾಳಗಳ ಕಾಡು ಸೇರಿದರು. ಅವರ ಸಂತತಿಯ ಹೆಂಗಸರು ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ನಡುವಿಗೆ ಹೊಲಿಯುತ್ತ ಬಂದು, ಮೂಲೆಗಳಿಗೆ 'ಫುಲ' ಇಡುತ್ತಾರೆ; ಅದಿಲ್ಲದ ಕೌದಿ ಬೆತ್ತಲೆಯಂತೆ! ಕೆಲವದರಲ್ಲಿ ಶಿಲುಬೆ, ಕೆಲವದರಲ್ಲಿ ಅರ್ಧಚಂದ್ರ. ಪರಂಗಿಯವರ ಲೆಕ್ಕದಲ್ಲಿ ಸರಕಾಗಿದ್ದ ಜನ ಇಲ್ಲಿ ತಮ್ಮ ಗುರುತನ್ನು ತಾವೇ ಬರೆದುಕೊಂಡಿದ್ದಾರೆ.

ಪಿಕಾಸೊ 1912ರಲ್ಲಿ ಚಿತ್ರಕ್ಕೆ ಚೂರು ಅಂಟಿಸಿದರೆ 'ಕೊಲಾಜ್' ಎಂಬ ಕಲೆ. ಇದು ಮಾತ್ರ ಬರಿಯ ಕಸುಬೆ? ನಮ್ಮ ಮನೆಯಲ್ಲಿ ಕಾಲೇಜು ಕಂಡವನು ನಾನೇ ಮೊದಲಿಗ. ಸಹಿ ಹಾಕಲರಿಯದ ಅಜ್ಜಿ ತನ್ನ ಕೌದಿಯ ಯಾವ ತುಂಡು ಯಾರದೆಂದು ಹೇಳಬಲ್ಲಳು. ಅಂಥವರ ಮಾತನ್ನು ಬರೆದುಕೊಳ್ಳಲು ಚರಿತ್ರೆಯ ತರಗತಿ ಪರೀಕ್ಷೆಗೆ ಮುನ್ನವೇ ಒಮ್ಮೆ ಹೊರಡಬಾರದೇಕೆ?