ಓದಲು ಬಾರದ ರಸೀದಿ, ಅದರಲ್ಲೊಂದು ಗ್ರಂಥಾಲಯ ಕರ

ನಮ್ಮ ನಾಟ್ರಾಂಪಾಳ್ಯದಲ್ಲಿ ಮನೆ ತೆರಿಗೆಯ ರಸೀದಿಯನ್ನು ಹಿರಿಯರು ಯಾರ ಕೈಲಿ ಓದಿಸುತ್ತಾರೆ ಗೊತ್ತೇ? ಮೊಮ್ಮಗನ ಕೈಲಿ. ಮನೆ ಇರುವುದು ಅಜ್ಜಿಯ ಹೆಸರಲ್ಲಿ, ತೆರಿಗೆಯ ಹೊಣೆಯೂ ಅವಳದೇ, ರಸೀದಿ ಮಾತ್ರ ತಮಿಳಿನಲ್ಲಿ. ಅಜ್ಜಿ ಕಲಿತದ್ದು ಕನ್ನಡ ಅಕ್ಷರ. ಮೊಮ್ಮಗ 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಶಾಲೆಗೆ ಸೇರಿದವನು. "ತಮಿಳುನಾಡಲ್ಲಿದ್ದೀರಿ, ತಮಿಳು ಕಲಿಯಿರಿ" ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಮಕ್ಕಳು ಕಲಿಯುತ್ತಿದ್ದಾರೆ ಸ್ವಾಮಿ, ಆದರೆ ತೆರಿಗೆ ಕಟ್ಟುವವರು ಮಕ್ಕಳಲ್ಲ.

ಓದಲು ಬಾರದಿದ್ದರೆ ಏನು ನಷ್ಟ? ರಸೀದಿ ಪೆಟ್ಟಿಗೆ ಸೇರಿ ಹಕ್ಕುಪತ್ರವಾಗಿಬಿಡುತ್ತದೆ. "ತೆರಿಗೆ ಕಟ್ಟಿದ್ದೇವೆ, ಮನೆ ನಮ್ಮದೇ" ಎಂದು ನಂಬಿ ಕೂತವರು ಬಹಳ. ಮನೆ ತೆರಿಗೆ ಪಂಚಾಯಿತಿಯದು, 1994ರ ಪಂಚಾಯತ್ ಕಾಯ್ದೆಯ ಪ್ರಕಾರ ವಸೂಲಾಗುವುದು. ಪಟ್ಟಾ ಕೊಡುವುದು ಕಂದಾಯ ಇಲಾಖೆ. ಒಂದರ ರಸೀದಿ ಇನ್ನೊಂದರ ಪಟ್ಟಾ ಆಗುವುದಿಲ್ಲ. ಹೆಸರೋ ಮನೆ ನಂಬರೋ ತಪ್ಪಾಗಿದ್ದರೂ ಗೊತ್ತಾಗುವುದು ಮಗನ ಹೆಸರಿಗೆ ಬದಲಾಯಿಸಲು ಹೋದಾಗಲೇ.

ನನಗೆ ನಿಜವಾಗಿ ಸಿಟ್ಟು ಬರುವುದು ಇನ್ನೊಂದು ಬಾಬ್ತಿಗೆ. ಮನೆ ತೆರಿಗೆಯ ಜೊತೆಗೇ 'ನೂಲಗ ವರಿ', ಅಂದರೆ ಗ್ರಂಥಾಲಯ ಕರ. ರೂಪಾಯಿಗೆ 10 ಪೈಸೆ. 1948ರ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು. ಒಳ್ಳೆಯ ಕಾಯ್ದೆ, ಅದರ ಹಿಂದೆ ಎಸ್. ಆರ್. ರಂಗನಾಥನ್ ಅವರಂಥವರ ದುಡಿಮೆಯಿದೆ. ಪುಸ್ತಕಕ್ಕೆಂದು ಕಾಸು ಕೊಡಲು ನನಗೆ ಯಾವ ತಕರಾರೂ ಇಲ್ಲ. ಆದರೆ ಕನ್ನಡ ಓದುವ ಅಜ್ಜಿಯೂ ಅದೇ 10 ಪೈಸೆ ಕೊಡುತ್ತಾಳಲ್ಲ, ಅವಳ ಪಾಲಿನ ಪುಸ್ತಕ ಯಾವ ಕಪಾಟಿನಲ್ಲಿದೆ?

ಗುಮಾಸ್ತರ ಮೇಲೆ ನನ್ನ ದೂರಿಲ್ಲ, ಅವರು ಸರಕಾರ ಕೊಟ್ಟ ನಮೂನೆ ತುಂಬುತ್ತಾರೆ. ನನ್ನ ಜಗಳ ನಮೂನೆಯ ಜೊತೆ. ಭಾಷಾ ಅಲ್ಪಸಂಖ್ಯಾತರು ಶೇ. 15ರಿಂದ 20ರಷ್ಟಿರುವ ಕಡೆ ಮುಖ್ಯ ಸರಕಾರಿ ಪ್ರಕಟಣೆ, ನಿಯಮಗಳು ಅವರ ಭಾಷೆಯಲ್ಲೂ ಬರುವುದು ಒಳ್ಳೆಯದೆಂದು ಕೇಂದ್ರ ಸರಕಾರ 1956ರಲ್ಲೇ ರಾಜ್ಯಗಳಿಗೆ ಹೇಳಿತ್ತು, ತಾಲೂಕಿನಂಥ ಸಣ್ಣ ಘಟಕವನ್ನೂ ಲೆಕ್ಕಕ್ಕೆ ಹಿಡಿದು. ಜಿಲ್ಲೆಯ ಲೆಕ್ಕದಲ್ಲಿ ನಮ್ಮನ್ನು ಕರಗಿಸಬೇಡಿ, ತಾಲೂಕಿನಲ್ಲಿ ಎಣಿಸಿ. ಕಾಸರಗೋಡಿನವರಿಗೆ ಕೇರಳದ 1969ರ ಭಾಷಾ ಕಾಯ್ದೆಯಲ್ಲಿ ಕನ್ನಡದಲ್ಲೇ ಪತ್ರ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಅವಕಾಶ ಬರೆದಿದೆ. ಅದು ಎಷ್ಟು ಜಾರಿಯಲ್ಲಿದೆ ಎಂದು ಅಲ್ಲಿಯವರೇ ಹೇಳಲಿ. ಕಾಗದದ ಮೇಲಾದರೂ ಇದೆಯಲ್ಲ! ಮನೆಯಲ್ಲೊಂದು ಭಾಷೆ, ಕಚೇರಿಯಲ್ಲಿ ಇನ್ನೊಂದು ಎನ್ನುವ ಪಾಡು ಈ ಪುಟ ಓದುವ ಬ್ಯಾರಿಗಳಿಗೆ ನಾನು ವಿವರಿಸಬೇಕಿಲ್ಲ.

ನಮ್ಮಲ್ಲೂ ಕೆಲವು ಬಿಸಿರಕ್ತದವರು "ಕನ್ನಡದಲ್ಲಿ ಕೊಡುವವರೆಗೆ ತೆರಿಗೆಯನ್ನೇ ಕಟ್ಟಬಾರದು" ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಬೀದಿ ದೀಪಕ್ಕೂ ನಲ್ಲಿ ನೀರಿಗೂ ಭಾಷೆಯಿಲ್ಲ, ಅದಕ್ಕೆ ಪಂಚಾಯಿತಿಗೆ ಹಣ ಬೇಕು. ಬಾಕಿ ಉಳಿಸಿಕೊಂಡವನು ಸಭೆಯಲ್ಲಿ ಎದ್ದು ನಿಂತರೆ ಮೊದಲು ಕೇಳುವ ಪ್ರಶ್ನೆಯೇ "ನಿನ್ನ ಬಾಕಿ ಎಷ್ಟು?" ಕಟ್ಟಿ, ರಸೀದಿ ಹಿಡಿದುಕೊಂಡೇ ಕೇಳಿ.

ಕೇಳಲು ದಿನವೂ ಇದೆ. ತಮಿಳುನಾಡಿನಲ್ಲಿ ವರ್ಷಕ್ಕೆ ಆರು ಗ್ರಾಮಸಭೆಗಳು, ಅದರಲ್ಲೊಂದು ಸ್ಥಳೀಯಾಡಳಿತ ದಿನವಾದ ನವೆಂಬರ್ 1ಕ್ಕೆ. 1956ರಲ್ಲಿ ಗಡಿಗೆರೆ ಬಿದ್ದು ನಾವು ಮದ್ರಾಸ್ ರಾಜ್ಯದಲ್ಲೇ ಉಳಿದದ್ದೂ ಅದೇ ತಾರೀಖು! ಆ ದಿನ ಬಾವುಟ ನೋಡಲು ಬೆಂಗಳೂರಿಗೆ ಬಸ್ಸು ಹತ್ತುವ ಬದಲು ಸಭೆಗೆ ಬನ್ನಿ. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ, ಸಂವಿಧಾನದ 350ನೇ ವಿಧಿ ಅದಕ್ಕೆ ಅವಕಾಶ ಕೊಟ್ಟಿದೆ. ಎರಡೇ ಬೇಡಿಕೆ ಸಾಕು: ತೆರಿಗೆ ನೋಟೀಸು, ರಸೀದಿಯಲ್ಲಿ ತಮಿಳಿನ ಕೆಳಗೆ ಕನ್ನಡವೂ ಇರಲಿ, ನಮ್ಮೂರ ಗ್ರಂಥಾಲಯ ಕರದಲ್ಲಿ ಕನ್ನಡ ಪುಸ್ತಕಕ್ಕೆ ಎಷ್ಟು ಹೋಯಿತು ಎಂಬ ಲೆಕ್ಕವನ್ನು ಸಭೆಯಲ್ಲಿ ಓದಿ ಹೇಳಲಿ.