ಕೋರ್ಟಿನಿಂದ ತಾಡೋಲೆಗೆ
ವಕೀಲಿ ಬಿಟ್ಟವರ ಹವ್ಯಾಸದ ಮಾತು ಬಂದಾಗ ನನಗೆ ನೆನಪಾಗುವವರು ಬಿಜಾಪುರದ ಫ.ಗು. ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಕಕ್ಷಿದಾರರ ಕಾಗದಪತ್ರ ಇರಬೇಕಾದ ಮನೆಯಲ್ಲಿ ಮಠಗಳಿಂದ, ಯಾರ್‍ಯಾರದೋ ಅಟ್ಟಗಳಿಂದ ತಂದ ವಚನಗಳ ತಾಡೋಲೆ ಕಟ್ಟುಗಳೇ ತುಂಬಿಕೊಂಡವು. ಎಳೆ ಎಳೆಯಾಗಿ ಓದಿ, ನಕಲು ಮಾಡಿ, 1923ರಲ್ಲಿ ‘ವಚನಶಾಸ್ತ್ರಸಾರ’ ತಂದರು. ಆಮೇಲೆ ಮನೆ ಮಾರಿ ‘ಹಿತಚಿಂತಕ’ ಮುದ್ರಣಾಲಯ ಹಾಕಿದರಂತೆ. (ವಕೀಲರು ಮನೆ ಕಟ್ಟಿಸುವುದನ್ನು ಕಂಡಿದ್ದೇವೆ, ಮಾರುವುದು ಅಪರೂಪ.) 1926ರಲ್ಲಿ ‘ಶಿವಾನುಭವ’ ಪತ್ರಿಕೆ, ಅದೇ ವರ್ಷ ಬಳ್ಳಾರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ. ಸಿದ್ಧೇಶ್ವರ ಬ್ಯಾಂಕು, ಮುಂಬಯಿ ಶಾಸನಸಭೆ ಎಲ್ಲಕ್ಕೂ ಪುರುಸೊತ್ತಿತ್ತು. ಹರಿದ ಕೋಟಿಗೆ ತೇಪೆ ಹಾಕಿಸಲು ಮಾತ್ರ ಇರಲಿಲ್ಲ. 1964ರಲ್ಲಿ ತೀರಿಕೊಂಡರು. ಅವರು ಕೈಹಾಕುವ ಮುನ್ನ ಹೆಸರೇ ಕೇಳಿರದ ಎಷ್ಟೋ ವಚನಕಾರರು ಅಷ್ಟರಲ್ಲಿ ಅಚ್ಚಿಗೆ ಬಂದಿದ್ದರು.