ಹೊತ್ತಿನ ಕಾಣಿಕೆ

ವಿದ್ಯಾಸಂಸ್ಥೆಗಳ ಸ್ಮರಣ ಸಂಚಿಕೆಗಳನ್ನು ತೆರೆದು ನೋಡಿದರೆ ದಾನಿಗಳ ಪಟ್ಟಿಗೆ ಕೆಲವು ಪುಟಗಳು ಮೀಸಲಾಗಿರುವುದು ಕಂಡುಬರುತ್ತದೆ. ಕೊಠಡಿ ಕಟ್ಟಿಸಿಕೊಟ್ಟವರು, ಬೆಂಚು ಮಾಡಿಸಿಕೊಟ್ಟವರು, ದತ್ತಿನಿಧಿ ಇರಿಸಿದವರು, ಪ್ರಸಾದನಿಲಯಕ್ಕೆ ರಾಗಿ ಅಕ್ಕಿಗಳನ್ನು ಕಳುಹಿಸಿದವರು, ಇವರೆಲ್ಲರ ಹೆಸರೂ ಮೊಬಲಗಿನೊಡನೆ ಅಚ್ಚಾಗಿರುತ್ತದೆ. ಇದು ಉಚಿತವಾದುದೇ, ಹಳ್ಳಿಗಾಡಿನ ಶಾಲೆಗಳು ಇಂಥವರ ಔದಾರ್ಯದಿಂದಲೇ ಎದ್ದು ನಿಂತಿವೆ. ಆದರೆ ಹೊತ್ತನ್ನು ಕೊಟ್ಟವರ ಪಟ್ಟಿ ಮಾತ್ರ ಎಲ್ಲಿಯೂ ಕಾಣಸಿಗುವುದಿಲ್ಲ. ಹಣಕ್ಕೆ ರಸೀದಿಯುಂಟು, ಹೊತ್ತಿಗೆ ರಸೀದಿಯಿಲ್ಲ. ಈ ಕಾರಣದಿಂದಲೋ ಏನೋ, ಓದಿದ ಶಾಲೆಗೆ, ಹುಟ್ಟಿದ ಊರಿಗೆ ಏನಾದರೂ ಮಾಡಬೇಕೆಂಬ ಮನಸ್ಸುಳ್ಳ ಹಳೆಯ ವಿದ್ಯಾರ್ಥಿಯು ಮೊದಲು ತನ್ನ ಜೇಬನ್ನು ಮುಟ್ಟಿ ನೋಡಿಕೊಳ್ಳುತ್ತಾನೆ. ಅದು ಹಗುರವಾಗಿದ್ದರೆ ತನ್ನಿಂದ ಏನೂ ಆಗದೆಂದು ಸುಮ್ಮನಾಗುತ್ತಾನೆ. ಮರಳವಾಡಿಯಂತಹ ಹೋಬಳಿ ಕೇಂದ್ರಕ್ಕೆ ಈ ತಪ್ಪು ತಿಳಿವಳಿಕೆಯಿಂದ ಆಗುತ್ತಿರುವ ನಷ್ಟ ಅಲ್ಪವಾದುದಲ್ಲ.

ಜೇಬಿನ ಭಾರಕ್ಕೂ ಸೇವೆಗೂ ಸಂಬಂಧವಿಲ್ಲವೆಂಬುದಕ್ಕೆ ಸಾಕ್ಷಿಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ತಿಮ್ಮಕ್ಕನವರೂ ಅವರ ಪತಿ ಚಿಕ್ಕಯ್ಯನವರೂ ಕೂಲಿ ಮಾಡಿ ಬದುಕಿದವರು. ತಿಮ್ಮಕ್ಕನವರು ಕಲ್ಲುಗಣಿಯಲ್ಲಿ ದುಡಿದವರು, ಅಕ್ಷರ ಕಲಿತವರಲ್ಲ. ಮಕ್ಕಳಿಲ್ಲದ ಈ ದಂಪತಿಗಳು ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯ ಇಕ್ಕೆಲಗಳಲ್ಲಿ ಆಲದ ಸಸಿಗಳನ್ನು ನೆಡತೊಡಗಿದರು. ಮೊದಲ ವರ್ಷ ನೆಟ್ಟದ್ದು 10, ಮರುವರ್ಷ 15, ಅದರ ಮರುವರ್ಷ 20. ಮಳೆಗಾಲದಲ್ಲಿ ನೆಟ್ಟು, ಬೇಸಗೆಯಲ್ಲಿ ಕೊಡಗಳಲ್ಲಿ ನೀರು ಹೊತ್ತು ಹಾಕಿ, ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಿ ಕಾದರು. ಹೀಗೆ ಸುಮಾರು 4 ಕಿಲೋಮೀಟರು ಉದ್ದಕ್ಕೆ ಬೆಳೆದ ಮರಗಳು 385 ಎಂದು ಲೆಕ್ಕ ಹೇಳುತ್ತಾರೆ. ಚಿಕ್ಕಯ್ಯನವರು 1991ರಲ್ಲಿ ತೀರಿಕೊಂಡರು. ಮನ್ನಣೆ ಬಂದದ್ದು ಅನಂತರ; 2019ರಲ್ಲಿ ಪದ್ಮಶ್ರೀ ಪ್ರಶಸ್ತಿಯೂ ದೊರೆಯಿತು. ಅದೇ ವರ್ಷ ರಸ್ತೆ ಅಗಲೀಕರಣದಿಂದ ಆ ಮರಗಳಿಗೇ ಕುತ್ತು ಒದಗಿದಾಗ, ನೂರು ದಾಟಿದ ಆ ಹಿರಿಯ ಜೀವವು ಮರಗಳನ್ನು ಉಳಿಸಿಕೊಡಿರೆಂದು ಸರ್ಕಾರವನ್ನು ಕೇಳಿಕೊಳ್ಳಬೇಕಾಯಿತು. 2025ರ ನವೆಂಬರ್ 14ರಂದು ಅವರು ಕಾಲವಾದರು.

ಇಲ್ಲಿ ವಿಚಾರವಂತರು ಗಮನಿಸಬೇಕಾದ ಸಂಗತಿಯೊಂದಿದೆ. ಸಸಿ ನೆಡುವುದು ಒಂದು ಬೆಳಗಿನ ಕೆಲಸ. ಅದಕ್ಕೆ ನೀರು ಹೊರುವುದು ಹಲವು ಬೇಸಗೆಗಳ ಕೆಲಸ. ಕೆ. ಎಂ. ಮುನ್ಷಿಯವರು ಕೇಂದ್ರದ ಸಚಿವರಾಗಿದ್ದಾಗ, 1950ರಲ್ಲಿ, ವನಮಹೋತ್ಸವವನ್ನು ಆರಂಭಿಸಿದರು. ಆಶಯ ಉದಾತ್ತವಾದುದೇ. ಆದರೆ ಎಷ್ಟೋ ಊರುಗಳಲ್ಲಿ ಹಿಂದಿನ ವರ್ಷದ ಗುಂಡಿಯಲ್ಲಿಯೇ ಈ ವರ್ಷದ ಸಸಿಯನ್ನೂ ನೆಡುವ ಪರಿಪಾಠ ಬೆಳೆದುಬಂದಿದೆ. ಗುಂಡಿ ತೋಡುವ ಶ್ರಮವಾದರೂ ಉಳಿಯಿತೆಂದು ಸಮಾಧಾನಪಡಬೇಕು, ಅಷ್ಟೆ. ಸೇವೆಯ ಮೊದಲ ದಿನಕ್ಕೆ ಜನ ತಾವಾಗಿಯೇ ಬರುತ್ತಾರೆ. ಊರಿಗೆ ಬೇಕಾಗಿರುವುದು ಎರಡನೆಯ ವರ್ಷದ ಜನ.

ಮಾಡಬೇಕಾದ ಕೆಲಸವನ್ನು ಎಲ್ಲಿ ಹುಡುಕಬೇಕೆಂಬ ಪ್ರಶ್ನೆಯನ್ನು ಯುವಕರು ಕೇಳುವುದುಂಟು. ಕನಕಪುರಕ್ಕೆ ನೆರೆಯ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಇದಕ್ಕೆ ಉತ್ತರವಾಗಿ ಬಾಳಿದರು. ಕುರಿ ಕಾಯುವ ವೃತ್ತಿಯ ಅವರಿಗೆ, ಬೆಟ್ಟದಲ್ಲಿ ಮೂಕಪ್ರಾಣಿಗಳಿಗೆ ಕುಡಿಯಲು ನೀರಿಲ್ಲವೆಂಬುದು ಕಂಡದ್ದು ದಿನವೂ ಕುರಿ ಹೊಡೆದುಕೊಂಡು ಹೋಗುವ ದಾರಿಯಲ್ಲಿಯೇ. ಕುರಿ ಮಾರಿದ ಹಣವನ್ನೂ ಮೈಶಕ್ತಿಯನ್ನೂ ಹಾಕಿ ಹತ್ತಾರು ವರ್ಷಗಳಲ್ಲಿ ಹತ್ತಕ್ಕೂ ಮೀರಿದ ಕಟ್ಟೆಗಳನ್ನು ತೋಡಿದರು. 2022ರ ಅಕ್ಟೋಬರಿನಲ್ಲಿ ಅವರು ನಿಧನರಾದರು. ಆ ದಾರಿಯಲ್ಲಿ ನಡೆದವರು ಅವರೊಬ್ಬರೇ ಆಗಿರಲಾರರು. ಆದರೆ ನೀರಿಲ್ಲದಿರುವುದನ್ನು ತನ್ನ ಕೆಲಸವೆಂದು ಕಂಡವರು ಅವರು.

ಎಲ್ಲರಿಗೂ ಬೆಟ್ಟದಲ್ಲಿ ಕಟ್ಟೆ ತೋಡುವುದು ಸಾಧ್ಯವಿಲ್ಲ, ಅಗತ್ಯವೂ ಇಲ್ಲ. ಹಳ್ಳಿಯಲ್ಲಿ ಯಾವ ಮನೆಯಲ್ಲಿ ಯಾವ ಕೊರತೆಯಿದೆಯೆಂದು ಬಲ್ಲವರು ಈಗಾಗಲೇ ಇದ್ದಾರೆ; ಅವರನ್ನು ಕೇಳಿದರೆ ಸಾಕು. ಒಂಟಿಯಾಗಿರುವ ಮುದುಕಿಯೊಬ್ಬಳು ರಕ್ತದೊತ್ತಡದ ಮಾತ್ರೆ ಮುಗಿದು ಎಷ್ಟು ದಿನವಾಯಿತೆಂಬುದು ಆಶಾ ಕಾರ್ಯಕರ್ತೆಗೆ ಗೊತ್ತು. ನಾಲ್ಕನೆಯ ತರಗತಿಗೆ ಬಂದರೂ ಒತ್ತಕ್ಷರ ಕೂಡಿಸಿ ಓದಲಾರದ ಮಕ್ಕಳು ಯಾರೆಂಬುದು ಶಾಲೆಯ ಗುರುಗಳಿಗೆ ಗೊತ್ತು. ಸಂಧ್ಯಾ ಸುರಕ್ಷಾ ಪಿಂಚಣಿ ಏಕೆ ನಿಂತಿತೆಂದು ತಿಳಿಯದೆ, ಬೆರಳಚ್ಚು ಹತ್ತದೆ, ಕಚೇರಿಯಿಂದ ಬ್ಯಾಂಕಿಗೂ ಬ್ಯಾಂಕಿನಿಂದ ಕಚೇರಿಗೂ ಅಲೆಯುವವರು ಯಾರೆಂಬುದು ಪಂಚಾಯಿತಿಯ ಜಗಲಿಯಲ್ಲಿ ಅರ್ಧ ದಿನ ಕುಳಿತರೆ ತಾನಾಗಿಯೇ ಗೊತ್ತಾಗುತ್ತದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಚಿನ ವರ್ಷಗಳಲ್ಲಿ ಮಕ್ಕಳಿಗೆ ಬಾಗಿಲು ತೆರೆದಿವೆ; ಪುಸ್ತಕವನ್ನು ಕೈಗಿತ್ತು ಪಕ್ಕದಲ್ಲಿ ಕುಳಿತು ಓದಿಸುವ ಒಬ್ಬ ಅಣ್ಣನೋ ಅಕ್ಕನೋ ಅಲ್ಲಿ ಇದ್ದರೆ ಪುಸ್ತಕಕ್ಕೆ ಜೀವ ಬರುತ್ತದೆ. ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬರುವ ಹಳೆಯ ವಿದ್ಯಾರ್ಥಿಗೆ ವಾರಕ್ಕೆ ಒಂದು ಗಂಟೆ ಇದಕ್ಕೆ ದೊರೆಯದೆ ಇರಲಾರದು.

ಒಂದು ಎಚ್ಚರಿಕೆ ಅವಶ್ಯ. ಸಂಬಳ ಕೊಟ್ಟು ನೇಮಿಸಬೇಕಾದ ಶಿಕ್ಷಕರ ಜಾಗಕ್ಕೆ ಸ್ವಯಂಸೇವಕರನ್ನು ತೇಪೆಯಾಗಿ ಹಚ್ಚುವುದು ಸಲ್ಲದು. ಖಾಲಿ ಹುದ್ದೆಯನ್ನು ತುಂಬಿರೆಂದು ಕೇಳುವುದೂ ಊರ ಸೇವೆಯೇ.

ಸೇವೆಗೆ ಕರೆಯುವವರು ಊರಿನ ಗತಿಯನ್ನೂ ಅರಿತಿರಬೇಕು. ರೇಷ್ಮೆ ಈ ಸೀಮೆಯ ಅನ್ನ. ಹುಳು ನಾಲ್ಕನೆಯ ಜ್ವರದಿಂದ ಎದ್ದಮೇಲೆ ಹಗಲಿರುಳೆನ್ನದೆ ಸೊಪ್ಪು ತಿನ್ನುತ್ತದೆ; ಚಂದ್ರಿಕೆಗೆ ಬಿಡುವವರೆಗೆ ಆ ಮನೆಯವರಿಗೆ ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ. ಅಂಥ ವಾರದಲ್ಲಿ ಶ್ರಮದಾನದ ಡಂಗುರ ಹೊಡೆಸಿ, ಜನ ಬರಲಿಲ್ಲವೆಂದು ಹಳ್ಳಿಗರನ್ನು ದೂರುವುದು ನ್ಯಾಯವಲ್ಲ. ಹಿಂದಿನವರಿಗೆ ಈ ವಿವೇಕವಿತ್ತು. ಕಳೆ ಕೀಳುವಾಗ, ಕೊಯ್ಲಿನ ಕಾಲದಲ್ಲಿ ಇಂದು ಇವರ ಹೊಲಕ್ಕೆ, ನಾಳೆ ಅವರ ಹೊಲಕ್ಕೆ ಎಂದು ಮುಯ್ಯಾಳಾಗಿ ಹೋಗುತ್ತಿದ್ದರು. ಮುಯ್ಯಿಯಲ್ಲಿ ಕೊಟ್ಟವರ ಕೈಗೇ ಆಳು ತಿರುಗಿ ಬರುತ್ತಿತ್ತು. ಸೇವೆಯಲ್ಲಿ ಹಾಗೆ ಬರುವುದಿಲ್ಲ, ಬೇರೊಂದು ದಾರಿಯಿಂದ ಬರುತ್ತದೆ.

ಬರುವ ಲಾಭವನ್ನು ಮರೆಮಾಚುವ ಸಂಕೋಚ ಬೇಡ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 60 ವರ್ಷ ದಾಟಿದವರು ವಾರಕ್ಕೆ 15 ಗಂಟೆಯಷ್ಟು ಕಾಲ ಪ್ರಾಥಮಿಕ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಓದಿನಲ್ಲಿ ನೆರವಾಗುವ ಯೋಜನೆಯೊಂದು ನಡೆಯಿತು. ಅದನ್ನು ಪರೀಕ್ಷಿಸಿ ನೋಡಿದ ವೈದ್ಯವಿಜ್ಞಾನಿಗಳಿಗೆ, ಮಕ್ಕಳ ಮಾತು ಹಾಗಿರಲಿ, ಆ ಹಿರಿಯರ ಓಡಾಟವೂ ಮೈಚಟುವಟಿಕೆಯೂ ಹೆಚ್ಚಿದ್ದು ಕಂಡುಬಂತು. ನಿವೃತ್ತಿಯ ಮರುದಿನದಿಂದ ಬೆಳಗಿನ ಹತ್ತು ಗಂಟೆಯನ್ನು ಹೇಗೆ ಕಳೆಯಬೇಕೆಂದು ತೋಚದೆ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂರುವ ಶಿಕ್ಷಕರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಯುವಕರಿಗೆ ದೊರೆಯುವುದು ಬೇರೆ ಬಗೆಯದು: ಅಪರಿಚಿತರೊಡನೆ ಮಾತನಾಡುವ ಧೈರ್ಯ, ಖರ್ಚಿನ ಲೆಕ್ಕ ಬರೆದಿಡುವ ರೂಢಿ, ಅಧಿಕಾರಿಯ ಮುಂದೆ ನಿಂತು ಅರ್ಜಿ ಕೊಡುವ ಬಗೆ. ಉದ್ಯೋಗ ಕೊಡುವವರು ಕೇಳುವುದೂ ಇವನ್ನೇ.

ಗಾಂಧಿ ಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯು ಈ ದಿಸೆಯಲ್ಲಿ ಮಾಡಿದ ಕಾರ್ಯ ಸ್ಮರಣೀಯವಾದುದು. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ, 7 ದಿನಗಳ ವಿಶೇಷ ಶಿಬಿರ ಎಂಬ ಅದರ ಕಟ್ಟುಪಾಡೂ ಒಳ್ಳೆಯದೇ. ಆದರೆ ಶಿಬಿರದ ಎಂಟನೆಯ ದಿನ ಆ ಹಳ್ಳಿಯ ಚರಂಡಿಯನ್ನು ನೋಡಿಕೊಳ್ಳುವವರು ಯಾರೆಂಬುದನ್ನು ಶಿಬಿರ ಹೊರಡುವ ಮೊದಲೇ ಗೊತ್ತುಮಾಡಿಕೊಂಡ ಕಾಲೇಜುಗಳು ವಿರಳ. ಪ್ರಮಾಣಪತ್ರ ಕೈಸೇರಿದೊಡನೆ ಸೇವೆ ಮುಗಿಯಿತೆಂಬ ಭಾವನೆ ಹುಡುಗರಲ್ಲಿ ಬಂದರೆ ಅದು ಹುಡುಗರ ತಪ್ಪಲ್ಲ. 1924ರ ಬೆಳಗಾವಿ ಕಾಂಗ್ರೆಸ್ಸಿಗೆ ಸ್ವಯಂಸೇವಕರನ್ನು ಸಜ್ಜುಗೊಳಿಸಿದ ಡಾ. ನಾ. ಸು. ಹರ್ಡೀಕರರು ತಮ್ಮ ಸೇವಾದಳದಲ್ಲಿ ಶಿಸ್ತಿಗೂ ತರಬೇತಿಗೂ ಕೊಟ್ಟ ಸ್ಥಾನವನ್ನು ಇಂದಿನ ಶಿಬಿರಗಳನ್ನು ನಡೆಸುವವರು ನೆನೆಯುವುದೊಳಿತು. ಉತ್ಸಾಹ ಮಾತ್ರದಿಂದ ಒತ್ತಕ್ಷರ ಕಲಿಸಲಾಗುವುದಿಲ್ಲ. ಅದನ್ನು ಹೇಗೆ ಕಲಿಸಬೇಕೆಂದು ಶಾಲೆಯ ಗುರುಗಳು ಎರಡು ಸಂಜೆ ಕುಳಿತು ಹೇಳಿಕೊಡಬೇಕು.

ದಾನಿಗಳಲ್ಲಿಯೂ ಒಂದು ಬಿನ್ನಹ. ಕಣಜದಿಂದ ಧಾನ್ಯವನ್ನು ಅಳೆದುಕೊಟ್ಟಂತೆಯೇ ಪಂಕ್ತಿಯಲ್ಲಿ ನಿಂತು ಬಡಿಸುವುದನ್ನೂ ದಾಸೋಹವೆಂದು ಹಿರಿಯರು ಕರೆದರು. ಕೊಠಡಿಯೊಂದನ್ನು ಕಟ್ಟಿಸಿ, ಉದ್ಘಾಟನೆಯ ದಿನ ಬಂದು, ಮತ್ತೆ ಆ ಕೊಠಡಿಯೊಳಗೆ ಕಾಲಿಡದ ದಾನಿಯು ತನ್ನ ದಾನದ ಫಲವನ್ನು ಅರ್ಧದಷ್ಟೂ ಕಂಡಿರುವುದಿಲ್ಲ. ವರ್ಷಕ್ಕೆ ನಾಲ್ಕು ಸಲ ಬಂದು, ತನ್ನ ವ್ಯಾಪಾರದ ಲೆಕ್ಕ, ತನ್ನ ಕಸುಬಿನ ಕಷ್ಟ, ತಾನು ಸೋತು ಗೆದ್ದ ಬಗೆಗಳನ್ನು ಹತ್ತನೆಯ ತರಗತಿಯ ಮಕ್ಕಳ ಮುಂದೆ ಹೇಳಿದರೆ ಅದು ಯಾವ ಪಠ್ಯಪುಸ್ತಕದಲ್ಲಿಯೂ ದೊರೆಯದ ಪಾಠವಾದೀತು.

ಇದನ್ನು ಆರಂಭಿಸಲು ಸಮಿತಿ ಬೇಡ, ಠರಾವು ಬೇಡ. ವಾರ್ಷಿಕೋತ್ಸವದ ದಿನ ಸಭಾಂಗಣದ ಬಾಗಿಲಲ್ಲಿ ದೇಣಿಗೆಯ ರಸೀದಿ ಪುಸ್ತಕದ ಪಕ್ಕದಲ್ಲಿ ನೂರು ಪುಟದ ಒಂದು ಲೆಕ್ಕದ ಪುಸ್ತಕವನ್ನೂ ಇಡಬಹುದು. ಹೆಸರು, ಊರು, ಬಲ್ಲ ಕೆಲಸ, ಬರಬಹುದಾದ ವಾರ, ಕೊಡಬಹುದಾದ ಗಂಟೆ ಎಂದು ಐದು ಅಂಕಣ ಎಳೆದಿರಲಿ. ಬಂದವರ ಗಂಟೆಗಳನ್ನು ತಿಂಗಳು ತಿಂಗಳು ಬರೆದಿಡಲು ಒಬ್ಬ ಗುಮಾಸ್ತರೋ ಶಿಕ್ಷಕರೋ ಒಪ್ಪಿಕೊಳ್ಳಲಿ. ಆ ವರ್ಷ ನಿವೃತ್ತರಾಗುವ ಶಿಕ್ಷಕರು ಮೊದಲ ಸಾಲಿನಲ್ಲಿ ತಮ್ಮ ಹೆಸರನ್ನು ಬರೆಯಲಿ. ವರ್ಷದ ಕೊನೆಯಲ್ಲಿ ಹತ್ತೇ ಹೆಸರು ಉಳಿದಿದ್ದರೂ ಅಡ್ಡಿಯಿಲ್ಲ. ಹುಲಿಕಲ್ಲಿನ ದಾರಿಯಲ್ಲಿ ಮೊದಲ ವರ್ಷ ನೆಟ್ಟ ಸಸಿಗಳೂ ಅಷ್ಟೇ ಇದ್ದುವು.